ಎರಡನೆಯ ಪಿಟೀಲು

ಅಮೆರಿಕಕ್ಕೆ ಹೋಗಿ ಬಂದ ನನ್ನ ವಯಸ್ಸಿನವರು ಸಾಮಾನ್ಯವಾಗಿ ನಯಾಗರ ಜಲಪಾತದ ಬಗೆಗೋ, ಅಲ್ಲಿನ ಹೆದ್ದಾರಿಗಳ ಬಗೆಗೋ, ಮಕ್ಕಳ ಮನೆಯಲ್ಲಿ ತಮಗೆ ಹೊತ್ತು ಹೋಗದೆ ಇದ್ದುದರ ಬಗೆಗೋ ಬರೆಯುವುದು ವಾಡಿಕೆ. ನಾನೂ ನನ್ನಾಕೆಯೂ 2023ರ ಬೇಸಿಗೆಯನ್ನು ಮಿಷಿಗನ್ ರಾಜ್ಯದಲ್ಲಿರುವ ಮಗಳ ಮನೆಯಲ್ಲಿ ಕಳೆದು ಬಂದೆವು. ಬಂದ ಮೇಲೆ ಹೊಳಲ್ಕೆರೆಯ ಹಳೆಯ ವಿದ್ಯಾರ್ಥಿಯೊಬ್ಬ, “ಮೇಷ್ಟ್ರೇ, ನಯಾಗರ ನೋಡಿದ್ರಾ?” ಎಂದು ಫೋನಿನಲ್ಲಿ ಕೇಳಿದ. ನೋಡಿದೆ. ನೀರು ಬಹಳ ಎತ್ತರದಿಂದ, ಬಹಳವಾಗಿ ಬೀಳುತ್ತದೆ. ಅದಕ್ಕಿಂತ ಹೆಚ್ಚಿಗೆ ಹೇಳುವ ಶಕ್ತಿ ನನಗಿಲ್ಲ. ಆದರೆ ಆ ಬೇಸಿಗೆಯಲ್ಲಿ ನನ್ನ ಮೊಮ್ಮಗಳು ಮೂರು ವಾರಗಳ ಕಾಲ ಮನೆ ಬಿಟ್ಟು ಒಂದು ವಾದ್ಯವೃಂದ ಶಿಬಿರದಲ್ಲಿ ಇದ್ದು ಬಂದಳು. ಆ ಮೂರು ವಾರಗಳ ವಿಷಯವಾಗಿ, ಮೇಷ್ಟರ ಕೆಲಸ ಮಾಡಿದವನೊಬ್ಬನಿಗೆ ಹೇಳಲು ಒಂದಷ್ಟು ಇದೆ.

ಮೊದಲು ‘ಆರ್ಕೆಸ್ಟ್ರಾ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಆರ್ಕೆಸ್ಟ್ರಾ ಎಂದರೆ ಗಣಪತಿ ಹಬ್ಬದಲ್ಲಿ, ಜಾತ್ರೆಯಲ್ಲಿ, ದೊಡ್ಡ ಧ್ವನಿವರ್ಧಕಗಳನ್ನಿಟ್ಟು ಸಿನಿಮಾ ಹಾಡುಗಳನ್ನು ಹಾಡುವ ತಂಡ. ಹಿರಿಯೂರಿನಲ್ಲಿ ನಾನಿದ್ದಾಗ ಪರೀಕ್ಷೆಯ ಹಿಂದಿನ ರಾತ್ರಿ ಊರಿನಲ್ಲಿ ಆರ್ಕೆಸ್ಟ್ರಾ ಇದ್ದರೆ ಮರುದಿನ ಹುಡುಗರ ಉತ್ತರಪತ್ರಿಕೆಗಳನ್ನು ನೋಡಿಯೇ ಯಾರು ಯಾರು ಹೋಗಿದ್ದರೆಂದು ಹೇಳಬಹುದಾಗಿತ್ತು. ನಾನು ಇಲ್ಲಿ ಹೇಳುತ್ತಿರುವುದು ಅದಲ್ಲ. ನಲವತ್ತು, ಐವತ್ತು ಮಂದಿ ಪಿಟೀಲು, ವಿಯೋಲ, ಚೆಲ್ಲೊ, ಡಬಲ್ ಬಾಸ್ ಎಂಬ ತಂತಿವಾದ್ಯಗಳನ್ನು ಹಿಡಿದು, ಅರ್ಧಚಂದ್ರಾಕಾರದಲ್ಲಿ ಕುರ್ಚಿಗಳ ಮೇಲೆ ಕುಳಿತು, ಎದುರಿಗೆ ಬರೆದಿಟ್ಟ ಸ್ವರಲಿಪಿಯನ್ನು ನೋಡಿ, ಒಬ್ಬ ನಿರ್ದೇಶಕನ ಕೈಸನ್ನೆಗೆ ಏಕಕಾಲದಲ್ಲಿ ನುಡಿಸುವ ಪದ್ಧತಿ. ಅದರಲ್ಲಿ ಪಿಟೀಲುಗಳು ಎರಡು ಪಂಗಡ. ಮೊದಲನೆಯ ಪಿಟೀಲುಗಳಿಗೆ ಸಾಮಾನ್ಯವಾಗಿ ರಾಗದ ಮುಖ್ಯ ಧಾಟಿ. ಎರಡನೆಯ ಪಿಟೀಲುಗಳಿಗೆ ಅದರ ಕೆಳಗಿನ ತುಂಬುವ ಕೆಲಸ. ಈ ಎರಡನೆಯ ಪಿಟೀಲಿನ ಸುತ್ತಲೇ ನನ್ನ ಕಥೆಯೆಲ್ಲ ಇದೆ.

ಅಮೆರಿಕದ ಅನೇಕ ಸರಕಾರಿ ಶಾಲೆಗಳಲ್ಲಿ ಹತ್ತು ಹನ್ನೊಂದು ವರ್ಷದ ಮಗು ಬಯಸಿದರೆ ಗಣಿತ, ವಿಜ್ಞಾನಗಳ ಜೊತೆಯಲ್ಲೇ ತಂತಿವಾದ್ಯವನ್ನೂ ಶಾಲೆಯ ವೇಳಾಪಟ್ಟಿಯಲ್ಲಿ ಕಲಿಯಬಹುದು. ಪಿಟೀಲನ್ನು ಬಾಡಿಗೆಗೆ ತರುತ್ತಾರೆ. ಮಗು ಬೆಳೆದಂತೆ ಚಿಕ್ಕದನ್ನು ಕೊಟ್ಟು ದೊಡ್ಡದನ್ನು ತೆಗೆದುಕೊಳ್ಳುತ್ತಾರೆ. ಹೀಗೆ ಕಲಿತ ಪ್ರೌಢಶಾಲೆಯ ಮಕ್ಕಳಿಗೆ ಬೇಸಿಗೆಯಲ್ಲಿ ವಸತಿ ಶಿಬಿರಗಳು ನಡೆಯುತ್ತವೆ. ಇದರ ಹಿಂದೆ ಒಂದು ಚೆಲುವಾದ ಚರಿತ್ರೆಯಿದೆ. ಜೋಸೆಫ್ ಮ್ಯಾಡಿ ಎಂಬ ಸಂಗೀತದ ಮೇಷ್ಟರು 1926ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಸೇರಿದ್ದ ಸಂಗೀತ ಶಿಕ್ಷಕರ ಸಮ್ಮೇಳನದ ಮುಂದೆ, ದೇಶದ ಬೇರೆ ಬೇರೆ ಪ್ರೌಢಶಾಲೆಗಳಿಂದ ಆರಿಸಿ ತಂದ ಮಕ್ಕಳ ಒಂದು ವಾದ್ಯವೃಂದವನ್ನು ನುಡಿಸಿದರು. ಮರುವರ್ಷ ಡಲ್ಲಾಸ್ ನಗರದಲ್ಲಿ ಶಾಲಾಡಳಿತಗಾರರ ಎದುರಿನಲ್ಲಿ ಮತ್ತೊಮ್ಮೆ. ಕಾರ್ಯಕ್ರಮ ಮುಗಿದರೂ ಮಕ್ಕಳಿಗೆ ಅಗಲಿ ಹೋಗಲು ಮನಸ್ಸಿಲ್ಲ. ಮಕ್ಕಳ ಆ ಆಸೆಯನ್ನೇ ಹಿಡಿದು ಮ್ಯಾಡಿಯವರು 1928ರಲ್ಲಿ ಮಿಷಿಗನ್ನಿನ ಇಂಟರ್‌ಲಾಕನ್ ಎಂಬಲ್ಲಿ, ಎರಡು ಸರೋವರಗಳ ನಡುವಿನ ಪೈನ್ ಮರಗಳ ಕಾಡಿನಲ್ಲಿ, ಪ್ರೌಢಶಾಲಾ ವಾದ್ಯವೃಂದದ ರಾಷ್ಟ್ರೀಯ ಶಿಬಿರವನ್ನು ಆರಂಭಿಸಿದರು. ಜಾಗವನ್ನು ಕೊಟ್ಟವನು ಅಲ್ಲಿನ ಒಬ್ಬ ಹೋಟೆಲಿನ ಯಜಮಾನ. ಮಕ್ಕಳ ಊಟ ತನ್ನ ಹೋಟೆಲಿನಲ್ಲೇ ಆಗಬೇಕೆಂಬುದು ಅವನ ಕರಾರು. ಒಳ್ಳೆಯ ಕೆಲಸಗಳು ಹೀಗೂ ಆರಂಭವಾಗುತ್ತವೆ! ಆ ಶಿಬಿರ ಇಂದಿಗೂ ಇದೆ. ಅದರ ಮಾದರಿಯಲ್ಲಿ ಬೇರೆ ಎಷ್ಟೋ ಹುಟ್ಟಿಕೊಂಡಿವೆ. ನನ್ನ ಮೊಮ್ಮಗಳು ಹೋದದ್ದು ಅಂಥದೊಂದು ಚಿಕ್ಕ ಶಿಬಿರಕ್ಕೆ.

ಅವಳಿಗೆ ಆಗ ಹದಿನೈದು ವರ್ಷ. ಮನೆಯಲ್ಲಿ ಅವಳದು ಎರಡು ಪಿಟೀಲು. ಒಂದು ಶಾಲೆಯದು, ಇನ್ನೊಂದು ಶನಿವಾರದ ಪಾಠದ್ದು. ಶನಿವಾರಗಳಲ್ಲಿ ಅವಳು ಕನ್ನಡದ ಗೃಹಿಣಿಯೊಬ್ಬರ ಬಳಿ ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಿದ್ದಳು. ವಾದ್ಯ ಒಂದೇ ಆದರೂ ಎರಡು ಪಿಟೀಲು ಏಕೆಂದು ನಾನು ಕೇಳಿದ್ದೆ. ಒಂದನ್ನು ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಗದ್ದಕ್ಕೂ ಹೆಗಲಿಗೂ ನಡುವೆ ಅವುಚಿ ಹಿಡಿಯಬೇಕು. ಇನ್ನೊಂದನ್ನು ಚಕ್ಕಂಬಕ್ಕಲು ಹಾಕಿ ನೆಲದ ಮೇಲೆ ಕುಳಿತು, ಅದರ ತುದಿಯನ್ನು ಬಲಪಾದದ ಮೇಲೆ ಊರಬೇಕು. ಕೆಳಗೆ ಊರಿದಾಗ ಎಡಗೈಗೆ ಪಿಟೀಲನ್ನು ಹೊರುವ ಕೆಲಸವಿಲ್ಲ. ಬೆರಳು ತಂತಿಯ ಉದ್ದಕ್ಕೂ ಜಾರಬಲ್ಲದು. ಗಮಕಗಳು ಬರುವುದು ಆ ಜಾರುವಿಕೆಯಿಂದ. ಶ್ರುತಿಯೂ ಬೇರೆ. ನಮ್ಮವರು ನಾಲ್ಕು ತಂತಿಗಳನ್ನು ಸ, ಪ, ಸ, ಪ ಎಂದು ಮಾಡಿಕೊಂಡರೆ ಅವರು ಪ್ರತಿ ತಂತಿಯನ್ನೂ ಅದರ ಹಿಂದಿನದರಿಂದ ಐದನೆಯ ಸ್ವರಕ್ಕೆ ಏರಿಸಿಕೊಂಡು ಹೋಗುತ್ತಾರೆ. ದಿನವೂ ಬಿರಡೆ ತಿರುಗಿಸುತ್ತಿದ್ದರೆ ತಂತಿ ಬಾಳುವುದಿಲ್ಲವಾದ್ದರಿಂದ ಎರಡು ಪಿಟೀಲು.

ನನಗೆ ಪಿಟೀಲಿನ ಪರಿಚಯವಾದದ್ದು ಬಾಲ್ಯದಲ್ಲಿ, ಹೊಳಲ್ಕೆರೆಯಲ್ಲಿ ನಡೆಯುತ್ತಿದ್ದ ಹರಿಕಥೆಗಳಲ್ಲಿ. ದಾಸರು ಕಾಲಿಗೆ ಗೆಜ್ಜೆ ಕಟ್ಟಿ, ಚಿಪ್ಪಳ್ಳೆ ಹಿಡಿದು ನಿಂತರೆ ಎಲ್ಲರ ಕಣ್ಣೂ ಅವರ ಮೇಲೆ. ಎಡಕ್ಕೆ ಹಾರ್ಮೋನಿಯಂ, ಬಲಕ್ಕೆ ಮೃದಂಗ, ಅದರ ಪಕ್ಕದಲ್ಲಿ ಕಂಬಕ್ಕೆ ಒರಗಿದಂತೆ ಒಬ್ಬ ತೆಳ್ಳಗಿನ ಮುದುಕರು ಪಿಟೀಲು ಹಿಡಿದು ಕುಳಿತಿರುತ್ತಿದ್ದರು. ಅವರ ಮುಖವನ್ನು ನಾನು ಸರಿಯಾಗಿ ಕಂಡದ್ದೇ ಇಲ್ಲ. ದಾಸರು ಕಥೆಯ ಮಧ್ಯೆ ಉಸಿರು ತೆಗೆದುಕೊಳ್ಳುವಾಗ, ಅವರು ಬಿಟ್ಟ ಸ್ವರವನ್ನು ಆ ಪಿಟೀಲು ಹಿಡಿದಿಟ್ಟುಕೊಂಡು, ಅವರು ಮರಳಿ ಬಂದಾಗ ಒಪ್ಪಿಸುತ್ತಿತ್ತು. ಒಂದು ವರ್ಷ ಅವರಿಗೆ ಕಾಯಿಲೆಯಾಗಿ ಬರಲಿಲ್ಲ. ಅದೇ ದಾಸರು, ಅದೇ ಕಥೆ, ಅದೇ ಮೃದಂಗ. ಆದರೆ ಕಥೆ ಬೋಳು ಬೋಳಾಗಿತ್ತು. ಏನು ಕಡಿಮೆಯಾಗಿದೆ ಎಂಬುದು ಊರಿನವರಲ್ಲಿ ಎಷ್ಟೋ ಜನಕ್ಕೆ ತಿಳಿಯಲೇ ಇಲ್ಲ.

ನಮ್ಮಲ್ಲಿ ಇದಕ್ಕೆ ‘ಪಕ್ಕವಾದ್ಯ’ ಎಂದು ಒಂದು ಒಳ್ಳೆಯ ಮಾತಿದೆ. ಪಿಟೀಲು ಪರದೇಶದಿಂದ ಬಂದ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯೂರೋಪಿನವರಿಂದ ಅದನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಆಮೇಲೆ ಅದು ಹಾಡುಗಾರರ ಪಕ್ಕದಲ್ಲಿ ಕುಳಿತದ್ದು ಏಳಲೇ ಇಲ್ಲ. ತಿರುಮಕೂಡಲು ನರಸೀಪುರದಲ್ಲಿ 1895ರಲ್ಲಿ ಹುಟ್ಟಿದ ಪಿಟೀಲು ಚೌಡಯ್ಯನವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರಲ್ಲಿ ಗುರುಕುಲ ಪದ್ಧತಿಯಲ್ಲಿ ವರ್ಷಗಟ್ಟಲೆ ಇದ್ದು ಕಲಿತವರು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಸಭೆಯ ಕೊನೆಯವರೆಗೂ ನಾದ ಮುಟ್ಟಬೇಕೆಂದು ನಾಲ್ಕು ತಂತಿಗಳನ್ನು ಏಳು ಮಾಡಿಕೊಂಡರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿರುವ ಸಭಾಂಗಣಕ್ಕೆ ಅವರ ಹೆಸರಿದೆ. ಅಷ್ಟು ದೊಡ್ಡ ವಿದ್ವಾಂಸರೂ ಜೀವಮಾನವೆಲ್ಲ ಹೆಚ್ಚಾಗಿ ಇನ್ನೊಬ್ಬರ ಪಕ್ಕದಲ್ಲಿ ಕುಳಿತು ನುಡಿಸಿದವರೇ.

ಇನ್ನು ಶಿಬಿರದ ವಿಷಯ. ಮಕ್ಕಳನ್ನು ಬಿಡಲು ಹೋದ ದಿನ ಅವರ ಫೋನುಗಳನ್ನು ತೆಗೆದುಕೊಂಡು ಒಂದು ಪೆಟ್ಟಿಗೆಯಲ್ಲಿ ಹಾಕಿಟ್ಟರು. ವಾರಕ್ಕೆ ಒಂದು ಸಲ ಮನೆಗೆ ಮಾತನಾಡಬಹುದು. ಉಳಿದಂತೆ ಕಾಗದ ಬರೆಯಬಹುದು. ಮರದ ಮನೆಗಳಲ್ಲಿ ಹತ್ತು ಹತ್ತು ಮಕ್ಕಳು. ಏಳಕ್ಕೆ ಗಂಟೆ. ತಿಂಡಿಯಾದ ಮೇಲೆ ಆಯಾ ಪಂಗಡದವರಿಗೆ ಪ್ರತ್ಯೇಕ ಪಾಠ. ಆಮೇಲೆ ಒಂದು ಗಂಟೆ ಒಬ್ಬೊಬ್ಬರೇ ಅಭ್ಯಾಸ. ಮಧ್ಯಾಹ್ನ ಎಲ್ಲರೂ ಸೇರಿ ಎರಡೂವರೆ ಗಂಟೆ. ಸಂಜೆ ಸರೋವರದಲ್ಲಿ ಈಜು. ರಾತ್ರಿ ಉಪಾಧ್ಯಾಯರ ವಾದನ. ಹತ್ತಕ್ಕೆ ದೀಪ ಆರಿಸಬೇಕು. ಇದನ್ನು ಗೋಡೆಗೆ ಅಂಟಿಸಿದ್ದ ಹಾಳೆಯಲ್ಲಿ ಓದಿದಾಗ ನನಗೆ ನಮ್ಮ ಕಡೆಯ ಮಠಗಳ ಉಚಿತ ವಿದ್ಯಾರ್ಥಿನಿಲಯಗಳು ನೆನಪಾದವು. ಸರೋವರವೊಂದನ್ನು ಬಿಟ್ಟರೆ ದಿನಚರಿ ಹೆಚ್ಚು ಕಡಿಮೆ ಅದೇ.

ಮೊದಲ ದಿನವೇ ಪ್ರತಿ ಮಗುವಿನಿಂದಲೂ ಸ್ವಲ್ಪ ನುಡಿಸಿ ಕೇಳಿ ಕುರ್ಚಿಗಳನ್ನು ಹಂಚುತ್ತಾರೆ. ಯಾವ ಕುರ್ಚಿ ಎಂಬುದೇ ಅಲ್ಲಿ ದರ್ಜೆ. ಇಂಟರ್‌ಲಾಕನ್ನಿನಲ್ಲಿ ದಶಕಗಳ ಕಾಲ ಇದಕ್ಕೆ ಒಂದು ಕಠಿಣವಾದ ಪದ್ಧತಿಯೇ ಇತ್ತು. ವಾರಕ್ಕೊಮ್ಮೆ, ಹಿಂದಿನ ಕುರ್ಚಿಯವರು ಮುಂದಿನ ಕುರ್ಚಿಯವರಿಗೆ ಸವಾಲು ಹಾಕುವುದು. ಇಬ್ಬರೂ ಒಂದೇ ಭಾಗವನ್ನು ನುಡಿಸುವುದು. ಉಳಿದ ಮಕ್ಕಳು ಕೇಳಿ ಮತ ಹಾಕುವುದು. ಗೆದ್ದವರು ಮುಂದಕ್ಕೆ, ಸೋತವರು ಹಿಂದಕ್ಕೆ. ಅದರಿಂದ ಬೆಳೆದವರೂ ಉಂಟು, ನೊಂದವರೂ ಉಂಟು. ನನ್ನ ಮೊಮ್ಮಗಳ ಶಿಬಿರದಲ್ಲಿ ಸವಾಲು ಇರಲಿಲ್ಲ. ಹಂಚಿದ ಕುರ್ಚಿ ಮಾತ್ರ ಇತ್ತು. ಅವಳಿಗೆ ಸಿಕ್ಕಿದ್ದು ಎರಡನೆಯ ಪಿಟೀಲುಗಳ ಕೊನೆಯ ಸಾಲು, ಒಳಗಡೆಯ ಕುರ್ಚಿ. ಇಬ್ಬರಿಗೆ ಒಂದು ಸ್ವರಲಿಪಿಯ ಪೀಠ. ಒಳಗಡೆ ಕುಳಿತವರು ತಾವು ನುಡಿಸುವುದನ್ನು ನಿಲ್ಲಿಸಿ ಹಾಳೆಯನ್ನು ಮಗುಚಬೇಕು; ಆ ಹೊತ್ತಿನಲ್ಲೂ ಹೊರಗಡೆಯವರು ನುಡಿಸುತ್ತಿರುತ್ತಾರೆ. ಅಂದರೆ ಆ ನಲವತ್ತೆರಡು ಮಕ್ಕಳಲ್ಲಿ ಎಲ್ಲರಿಗಿಂತ ಕಡಿಮೆ ನುಡಿಸುವ ಕುರ್ಚಿಗಳಲ್ಲಿ ಅವಳದೂ ಒಂದು.

ನಾಲ್ಕನೆಯ ದಿನ ಶಿಬಿರದವರೇ ಫೋನು ಮಾಡಿ, ಮಗು ಮನೆಯವರೊಂದಿಗೆ ಮಾತನಾಡಬೇಕೆನ್ನುತ್ತಿದೆ ಎಂದರು. ಅವಳು ತಾಯಿಯೊಂದಿಗೆ ಇಂಗ್ಲಿಷಿನಲ್ಲಿ ಅತ್ತು, ನನ್ನ ಸರದಿ ಬಂದಾಗ ಕನ್ನಡದಲ್ಲಿ ಅತ್ತಳು. “ತಾತ, ನಾನು ಏನು ನುಡಿಸ್ತೀನೋ ಅದು ನಂಗೇ ಕೇಳಿಸಲ್ಲ. ನಾನಿಲ್ಲದಿದ್ರೂ ಯಾರಿಗೂ ಗೊತ್ತಾಗಲ್ಲ. ಮನೆಗೆ ಬರ್ತೀನಿ” ಎಂದಳು. ಇನ್ನೊಂದು ಸಂಕಟವೂ ಇತ್ತು. ಶನಿವಾರದ ಪಾಠದ ಅಭ್ಯಾಸಬಲದಿಂದ ಅವಳ ಬೆರಳು ಒಂದು ಸ್ವರದಿಂದ ಇನ್ನೊಂದಕ್ಕೆ ತಾನಾಗಿಯೇ ಜಾರುತ್ತಿತ್ತು. ಹತ್ತು ಪಿಟೀಲುಗಳು ನೆಟ್ಟಗೆ ಹೆಜ್ಜೆಯಿಡುವಲ್ಲಿ ಒಂದು ಜಾರಿದರೆ ಅದೊಂದೇ ಎದ್ದು ಕೇಳುತ್ತದೆ. ಪಾಠದಲ್ಲಿ ಎರಡು ಸಲ ನಿಲ್ಲಿಸಿ ತಿದ್ದಿದರಂತೆ. ಮಕ್ಕಳು ತಿರುಗಿ ನೋಡಿದರಂತೆ. ಮನೆಗೆ ಬಂದರೆ ಎರಡು ಪಿಟೀಲುಗಳನ್ನೂ ಪೆಟ್ಟಿಗೆಯಲ್ಲಿಟ್ಟು ಮುಚ್ಚುವುದಾಗಿ ಹೇಳಿದಳು. ಅವಳು ಸುಮ್ಮನೆ ಆಡುವ ಹುಡುಗಿಯಲ್ಲ.

ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನನ್ನಾಕೆಯದು ಒಂದೇ ಮಾತು: “ಕೂಸು ಅಳ್ತಾ ಐತೆ ಅಂದ ಮೇಲೆ ಇನ್ನೇನ್ರೀ ಯೋಚ್ನೆ? ಬೆಳಿಗ್ಗೆ ಹೋಗಿ ಕರ್ಕೊಂಡು ಬನ್ನಿ.” ಅಳಿಯಂದಿರು ದುಡ್ಡು ಕಟ್ಟಿಯಾಗಿದೆ ಎಂಬುದನ್ನು ಹೇಳದೆ ಹೇಳಲು ಪ್ರಯತ್ನಿಸುತ್ತಿದ್ದರು. ಮಗಳು ನನ್ನ ಮುಖ ನೋಡಿ, “ಅಪ್ಪಾ, ನೀವು ಮೂವತ್ತನಾಲ್ಕು ವರ್ಷ ಮಕ್ಕಳನ್ನು ನೋಡಿದೋರು. ನೀವೇ ಹೇಳಿ” ಎಂದಳು.

ನಾನು ಹೇಳಿದ್ದು ಇಷ್ಟು. ಮಗುವಿಗೆ ಊಟ ಸೇರುತ್ತಿಲ್ಲವೆಂದೋ, ಯಾರೋ ಬೈದರೆಂದೋ, ಹೊಡೆದರೆಂದೋ ಆಗಿದ್ದರೆ ಈಗಲೇ ಕಾರು ತೆಗೆಯಿರಿ. ಆದರೆ ಅವಳು ಅಳುತ್ತಿರುವುದು ‘ನಾನಿಲ್ಲದಿದ್ದರೂ ನಡೆಯುತ್ತದೆ’ ಎಂದು. ಇದು ಶಿಬಿರದಿಂದ ಕರೆತಂದರೆ ಹೋಗುವ ದುಃಖವಲ್ಲ; ಅವಳ ಜೊತೆಯಲ್ಲೇ ಕಾರು ಹತ್ತಿ ಮನೆಗೆ ಬರುತ್ತದೆ. ಹೊಸದುರ್ಗದಲ್ಲಿ, ಹಿರಿಯೂರಿನಲ್ಲಿ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತವರಲ್ಲಿ ಶಾಲೆ ಬಿಟ್ಟವರು ಬಹುಮಟ್ಟಿಗೆ ಪಾಠ ಕಷ್ಟವೆಂದು ಬಿಟ್ಟವರಲ್ಲ. ತಾವು ಬಾರದಿದ್ದರೂ ಹಾಜರಿ ಪುಸ್ತಕದಲ್ಲಿ ಒಂದು ಗೀಟಿನ ಹೊರತು ಏನೂ ಬದಲಾಗುವುದಿಲ್ಲ ಎಂಬುದು ಅವರಿಗೆ ಮನವರಿಕೆಯಾದ ದಿನ ಬಿಟ್ಟರು. ಆದ್ದರಿಂದ ಆ ಪ್ರಶ್ನೆಗೆ ಉತ್ತರ ಅಲ್ಲಿಯೇ, ಆ ಕುರ್ಚಿಯಲ್ಲಿಯೇ ಸಿಗಬೇಕು. ಭಾನುವಾರದವರೆಗೆ ಕಾಯೋಣ, ಅಂದೂ ಬರುತ್ತೇನೆಂದರೆ ಕರೆತರೋಣ ಎಂದೆ. ನನ್ನಾಕೆ ಎರಡು ದಿನ ನನ್ನೊಂದಿಗೆ ಮಾತನಾಡಲಿಲ್ಲ. ನಾನೂ ಧೈರ್ಯವಾಗಿ ನಿದ್ದೆ ಮಾಡಿದೆನೆಂದು ಹೇಳಲಾರೆ.

ಉತ್ತರವನ್ನು ಕೊಟ್ಟವರು ಎರಡನೆಯ ಪಿಟೀಲುಗಳಿಗೆ ಪಾಠ ಮಾಡುತ್ತಿದ್ದ ಒಬ್ಬ ವಯಸ್ಸಾದ ಉಪಾಧ್ಯಾಯಿನಿ. ಇದೆಲ್ಲ ಆಮೇಲೆ ಮೊಮ್ಮಗಳು ಹೇಳಿದ್ದು. ತನ್ನ ನಾದ ತನಗೆ ಕೇಳಿಸುತ್ತಿಲ್ಲವೆಂದು ಇವಳು ದೂರಿದಾಗ ಆಕೆ, “ಪಕ್ಕದವರಿಗಿಂತ ಹೆಚ್ಚಾಗಿ ನಿನ್ನ ನಾದವೇ ನಿನಗೆ ಕೇಳಿಸಿದರೆ ನೀನು ಜೋರಾಗಿ ನುಡಿಸುತ್ತಿದ್ದೀಯೆ ಎಂದರ್ಥ. ಪಕ್ಕದವರದು ಕೇಳಿಸುತ್ತಿದೆಯೆ?” ಎಂದು ಕೇಳಿದರಂತೆ. ಕೇಳಿಸುತ್ತಿದೆ ಎಂದಳು. “ಹಾಗಾದರೆ ಸರಿಯಾಗಿದೆ” ಎಂದು ಮುಂದಕ್ಕೆ ಹೋದರಂತೆ. ಮರುದಿನ ಆಕೆ ಇನ್ನೊಂದು ಕೆಲಸ ಮಾಡಿದರು. ಸ್ವರಲಿಪಿಯ ಹಾಳೆಗಳನ್ನೆಲ್ಲ ಮುಚ್ಚಿಸಿ, ಒಂದು ಭಾಗವನ್ನು ತಾವು ನುಡಿಸಿ ತೋರಿಸಿ, ಕಿವಿಯಲ್ಲಿ ಕೇಳಿ ಹಿಡಿಯಿರಿ ಎಂದರು. ಹಾಳೆ ಇಲ್ಲದೆ ನುಡಿಸಿ ಅಭ್ಯಾಸವಿಲ್ಲದ ಮಕ್ಕಳು ತಡವರಿಸಿದರು. ಸರಳೆ, ಜಂಟಿ ವರಸೆ, ಗೀತೆಗಳನ್ನೆಲ್ಲ ಗುರುವಿನ ಬಾಯಿಂದ ಕೇಳಿ ಕಲಿತವಳಿಗೆ ಅದು ಎರಡೇ ಸಲಕ್ಕೆ ಬಂತು. ಪಕ್ಕದ ಕುರ್ಚಿಯ ಹುಡುಗ ಊಟದ ಹೊತ್ತಿನಲ್ಲಿ ಬಂದು, ಹೇಗೆ ನೆನಪಿಟ್ಟುಕೊಳ್ಳುತ್ತೀಯೆ ಎಂದು ಕೇಳಿದನಂತೆ. ಇವಳು ಅವನಿಗೆ ಮಾಯಾಮಾಳವಗೌಳದ ಸರಳೆಯನ್ನು ಹೇಳಿಕೊಟ್ಟಳಂತೆ. ಅವನು ಅವಳಿಗೆ ಜಾರದೆ ಬೆರಳಿಡುವುದನ್ನು ತೋರಿಸಿದ. ಭಾನುವಾರ ಫೋನು ಬಂದಾಗ ಮನೆಗೆ ಬರುವ ಮಾತೇ ಇರಲಿಲ್ಲ. ಸಾಕ್ಸು ಕಡಿಮೆ ಬಿದ್ದಿದೆ, ಕಳಿಸಿ ಎಂದಳು. ನನ್ನಾಕೆ ಅಂದು ನನ್ನೊಂದಿಗೆ ಮಾತು ಆರಂಭಿಸಿದರು.

ಮಕ್ಕಳು ಕಲಿಯುತ್ತಿದ್ದ ಕೃತಿ ಗುಸ್ತಾವ್ ಹೋಲ್ಸ್ಟ್ ಎಂಬ ಇಂಗ್ಲಿಷ್ ಸಂಗೀತಗಾರರ ‘ಸೇಂಟ್ ಪಾಲ್ಸ್ ಸ್ವೀಟ್’. ಇಲ್ಲಿ ‘ಸ್ವೀಟ್’ ಎಂದರೆ ಸಿಹಿತಿಂಡಿಯಲ್ಲ, ನಾಲ್ಕು ತುಣುಕುಗಳ ಮಾಲೆ. ಹೋಲ್ಸ್ಟ್ ಅವರ ವಿಷಯ ಓದಿದ ಮೇಲೆ ಅವರು ನನಗೆ ಬಹಳ ಹತ್ತಿರದವರೆನಿಸಿದರು. ಅವರೂ ಶಾಲಾ ಮೇಷ್ಟರು. ಲಂಡನ್ನಿನ ಸೇಂಟ್ ಪಾಲ್ ಬಾಲಿಕಾ ಶಾಲೆಯಲ್ಲಿ 1905ರಿಂದ 1934ರಲ್ಲಿ ತೀರಿಕೊಳ್ಳುವವರೆಗೆ ಸಂಗೀತ ಪಾಠ ಹೇಳಿದರು. ಯೌವನದಲ್ಲಿ ಸಂಸ್ಕೃತ ಕಲಿತು, ಋಗ್ವೇದದ ಸೂಕ್ತಗಳನ್ನು ತಾವೇ ಇಂಗ್ಲಿಷಿಗೆ ತಂದು ಸಂಗೀತಕ್ಕೆ ಅಳವಡಿಸಿದರು. ಮಹಾಭಾರತದ ಸಾವಿತ್ರಿಯ ಕಥೆಯನ್ನು ಗೇಯನಾಟಕ ಮಾಡಿದರು. ಅದು 1916ರಲ್ಲಿ ಲಂಡನ್ನಿನಲ್ಲಿ ಪ್ರಯೋಗವಾಯಿತು. ಶಾಲೆಯವರು 1913ರಲ್ಲಿ ಅವರಿಗೆ ಸದ್ದು ಹೊಕ್ಕದ ಒಂದು ಕೊಠಡಿಯನ್ನು ಕಟ್ಟಿಸಿಕೊಟ್ಟರು. ಆ ಕೃತಜ್ಞತೆಗೆ ಅವರು ತಮ್ಮ ಶಾಲೆಯ ಹೆಣ್ಣುಮಕ್ಕಳ ವಾದ್ಯವೃಂದ ನುಡಿಸಲೆಂದು ಬರೆದದ್ದು ಈ ಮಾಲೆ. ತನ್ನ ತರಗತಿಯ ಮಕ್ಕಳಿಗಾಗಿ ಒಬ್ಬ ಮೇಷ್ಟರು ಬರೆದದ್ದನ್ನು ನೂರು ವರ್ಷದ ಮೇಲೂ ಬೇರೆ ದೇಶದ ಮಕ್ಕಳು ಬೇಸಿಗೆಯಲ್ಲಿ ಕುಳಿತು ಕಲಿಯುತ್ತಾರೆ.

ಮಕ್ಕಳನ್ನು ಒಂದೆಡೆ ಇಟ್ಟು, ಉಣ್ಣಿಸಿ, ಸಂಗೀತ ಕಲಿಸುವುದು ಅಮೆರಿಕದವರು ಕಂಡುಹಿಡಿದದ್ದೇನಲ್ಲ. ಇಟಲಿಯ ವೆನಿಸ್ ನಗರದಲ್ಲಿ ಹೆತ್ತವರು ಬಿಟ್ಟುಹೋದ ಹೆಣ್ಣು ಕೂಸುಗಳನ್ನು ಸಾಕುವ ಪಿಯೆಟಾ ಎಂಬ ಅನಾಥಾಲಯವಿತ್ತು. ಅಲ್ಲಿಗೆ 1703ರಲ್ಲಿ ಪಿಟೀಲಿನ ಮೇಷ್ಟರಾಗಿ ಸೇರಿದವರು ವಿವಾಲ್ಡಿ. ಆ ಹುಡುಗಿಯರು ಜಾಲರಿಯ ಹಿಂದೆ ಕುಳಿತು ನುಡಿಸುವುದನ್ನು ಕೇಳಲು ಯೂರೋಪಿನ ಎಲ್ಲ ಕಡೆಯಿಂದ ಜನ ಬರುತ್ತಿದ್ದರು. ಮುಖ ಕಾಣದು, ಹೆಸರು ತಿಳಿಯದು, ನಾದ ಮಾತ್ರ. ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮದ ವಿಷಯ ನಿಮಗೆಲ್ಲ ಗೊತ್ತೇ ಇದೆ. ಕಣ್ಣು ಕಾಣದ ಪಂಚಾಕ್ಷರ ಗವಾಯಿಗಳು ಕಟ್ಟಿದ್ದು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಕಣ್ಣು ಕಾಣದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 2010ರಲ್ಲಿ ತಾವು ಕಣ್ಮುಚ್ಚುವವರೆಗೆ ನಡೆಸಿದ್ದು. ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಒಟ್ಟಿಗೆ ಬಡಿಸಿದ ಸ್ಥಳ ಅದು; ಆ ಖರ್ಚಿಗಾಗಿ ನಾಟಕ ಕಂಪನಿಯನ್ನೂ ನಡೆಸಿದರು. ಬಸವರಾಜ ರಾಜಗುರುಗಳಂಥವರು ಅಲ್ಲಿಂದ ಬಂದರು. ಅವರಂತೆ ಹೆಸರಾಗದೆ, ಊರೂರಿನ ಪುರಾಣ ಪ್ರವಚನಗಳಲ್ಲಿ ಹಾರ್ಮೋನಿಯಂ, ತಬಲ ನುಡಿಸಿ ಗೌರವದಿಂದ ಅನ್ನ ಸಂಪಾದಿಸಿದವರು ಅದಕ್ಕಿಂತ ಎಷ್ಟೋ ಹೆಚ್ಚು. ನನ್ನ ಲೆಕ್ಕದಲ್ಲಿ ಆ ಆಶ್ರಮದ ದೊಡ್ಡ ಸಾಧನೆ ಆ ಎರಡನೆಯ ಪಂಕ್ತಿಯವರು.

ಕೊನೆಯ ದಿನದ ಕಾರ್ಯಕ್ರಮಕ್ಕೆ ಎಲ್ಲರೂ ಹೋದೆವು. ಬಯಲಿನಲ್ಲಿ ಒಂದು ಮರದ ವೇದಿಕೆ, ಅದರ ಹಿಂದೆ ನೀರು. ಮಕ್ಕಳೆಲ್ಲ ಬಿಳಿಯ ಅಂಗಿ ತೊಟ್ಟು ಬಂದು ಕುಳಿತರು. ಮೊಮ್ಮಗಳು ಮೂರು ವಾರಗಳಲ್ಲಿ ಒಂದೇ ಒಂದು ಕುರ್ಚಿಯೂ ಮುಂದಕ್ಕೆ ಬಂದಿರಲಿಲ್ಲ. ನಾವಿದ್ದ ಕಡೆಯಿಂದ ಅವಳ ಕಮಾನಿನ ತುದಿ ಮತ್ತು ಅರ್ಧ ಜಡೆ ಕಾಣುತ್ತಿತ್ತು. ನನ್ನಾಕೆ ಕುತ್ತಿಗೆ ಚಾಚಿ ಚಾಚಿ ಸೋತು, “ಇಷ್ಟಕ್ಕೆ ಇಷ್ಟು ದೂರ ಬರ್ಬೇಕಿತ್ತೇನ್ರೀ?” ಎಂದು ಪಿಸುಗುಟ್ಟಿದರು.

ಮಾಲೆಯ ಎರಡನೆಯ ತುಣುಕಿಗೆ ‘ಆಸ್ಟಿನಾಟೊ’ ಎಂದು ಹೆಸರು. ಬಿಡದೆ ಮತ್ತೆ ಮತ್ತೆ ಬರುವ ಚಿಕ್ಕ ಸ್ವರಗುಚ್ಛಕ್ಕೆ ಹಾಗೆನ್ನುತ್ತಾರೆ. ಅದನ್ನು ಆರಂಭಿಸುವವರು ಮೊದಲನೆಯ ಪಿಟೀಲಿನವರಲ್ಲ, ಎರಡನೆಯವರು. ನಿರ್ದೇಶಕರು ಅವರ ಕಡೆಗೆ ತಿರುಗಿ ಕೈಯೆತ್ತಿದಾಗ ಉಳಿದವರೆಲ್ಲ ಕಮಾನು ಇಳಿಸಿ ಸುಮ್ಮನೆ ಕುಳಿತಿದ್ದರು. ಕೆಲವೇ ಸ್ವರಗಳ ಒಂದು ಸುತ್ತು, ಮಳೆಯ ಹನಿ ಹಂಚಿನ ಮೇಲೆ ಬಿದ್ದಂತೆ ಸಣ್ಣಗೆ, ವೇಗವಾಗಿ ಹೊರಟಿತು. ಆಮೇಲೆ ಮುಂದಿನ ಸಾಲಿನಿಂದ ಇಂಪಾದ ಧಾಟಿ ಎದ್ದು, ಜನರ ಕಣ್ಣೆಲ್ಲ ಅಲ್ಲಿಗೆ ಹೋಯಿತು. ಕೆಳಗಿನ ಸುತ್ತು ಮಾತ್ರ ನಿಲ್ಲಲಿಲ್ಲ. ಅದು ನಿಂತರೆ ಮೇಲಿನದಕ್ಕೆ ಕಾಲೂರಲು ನೆಲವೇ ಇಲ್ಲ ಎಂಬುದು ಸಂಗೀತದ ಗಂಧವಿಲ್ಲದ ನನಗೂ ತಿಳಿಯಿತು. ಹೊಳಲ್ಕೆರೆಯ ಹರಿಕಥೆಯ ಪಿಟೀಲಿನವರು ಮಾಡುತ್ತಿದ್ದುದೂ ಇದನ್ನೇ.

ಮುಗಿದ ಮೇಲೆ ಅವಳು ಪೆಟ್ಟಿಗೆ ಹಿಡಿದು ಓಡಿ ಬಂದಳು. ಗದ್ದದ ಕೆಳಗೆ ಪಿಟೀಲು ಒತ್ತಿದ ಕೆಂಪು ಕಲೆ. ಕೈಯಲ್ಲಿ ರಾಳದ ಪುಡಿ. ನಾನು, “ಈಗ ನಿನ್ನದು ನಿನಗೆ ಕೇಳಿಸ್ತಾ?” ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, “ಇಲ್ಲ ತಾತ. ಆದರೆ ಮಧ್ಯದಲ್ಲಿ ಹಾಳೆ ಮಗುಚೋಕೆ ನಾನು ನಿಲ್ಲಿಸಿದೆನಲ್ಲ, ಆಗ ಸ್ವಲ್ಪ ತೆಳ್ಳಗಾಯ್ತು. ಅದು ಕೇಳಿಸ್ತು” ಎಂದಳು. ನಾನು ಅದಕ್ಕೆ ಏನನ್ನೂ ಸೇರಿಸಲಿಲ್ಲ. ಈಗಲೂ ಅವಳು ಎರಡು ಪಿಟೀಲುಗಳನ್ನೂ ನುಡಿಸುತ್ತಾಳೆ. ಶಾಲೆಯಲ್ಲಿ ಯಾವ ಕುರ್ಚಿ ಎಂದು ನಾನು ಕೇಳುವುದಿಲ್ಲ.

ದುರ್ಗಕ್ಕೆ ಮರಳಿದ ಮೇಲೆ ಈ ವಿಷಯ ನನ್ನನ್ನು ಬಿಡಲಿಲ್ಲ. ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದೆ. ಡ್ರಾಯಿಂಗ್ ಮೇಷ್ಟರಿದ್ದರು, ಡ್ರಿಲ್ ಮೇಷ್ಟರಿದ್ದರು. ನಾನಿದ್ದ ಯಾವ ಶಾಲೆಯಲ್ಲೂ ಸಂಗೀತದ ಮೇಷ್ಟರು ಇರಲಿಲ್ಲ. ಮಕ್ಕಳಿಗೆ ಸಂಗೀತ ಇರಲಿಲ್ಲವೆಂದಲ್ಲ. ಏಕತಾರಿ ಹಿಡಿದ ತತ್ತ್ವಪದದವರ, ಚೌಡಿಕೆಯವರ, ಉರುಮೆಯವರ, ಭಜನೆಯವರ ಮನೆಗಳ ಮಕ್ಕಳೇ ನಮ್ಮ ಬೆಂಚುಗಳಲ್ಲಿ ಕುಳಿತಿದ್ದರು. ನಮ್ಮದೇ ಚಿತ್ರದುರ್ಗವನ್ನು ಇಟ್ಟುಕೊಂಡು ತ.ರಾ.ಸು. ಅವರು ‘ಹಂಸಗೀತೆ’ಯಂಥ ಸಂಗೀತಗಾರನ ಕಾದಂಬರಿಯನ್ನೇ ಬರೆದರು, ಜಿ.ವಿ. ಅಯ್ಯರ್ ಅವರು 1975ರಲ್ಲಿ ಅದನ್ನು ಚಲನಚಿತ್ರ ಮಾಡಿದರು. ಆದರೆ ಆ ಕಾದಂಬರಿಯನ್ನು ಓದುವ ನಮ್ಮ ಹುಡುಗನೊಬ್ಬ ಒಂದು ತಂತಿವಾದ್ಯವನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಶಾಲೆಯೊಳಗೆ ಇರಲಿಲ್ಲ.

ಆಗದ ಮಾತು ಎನ್ನುವವರಿಗೆ ನಾನು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯನ್ನು ತೋರಿಸುತ್ತೇನೆ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು ಅಲ್ಲಿ 1997ರಲ್ಲಿ ‘ಶಿವಸಂಚಾರ’ ಎಂಬ ನಾಟಕ ತಂಡವನ್ನು ಆರಂಭಿಸಿದರು. ಅದು ನಾಡೆಲ್ಲ ತಿರುಗಿ ನಾಟಕವಾಡುತ್ತ ಬಂದಿದೆ. ಒಂದು ಹಳ್ಳಿಯಲ್ಲಿ ವಸತಿಯ ರಂಗಶಾಲೆ, ಬಯಲು ರಂಗಮಂದಿರ, ವರ್ಷವರ್ಷವೂ ನಾಟಕೋತ್ಸವ. ಒಂದು ಹಳ್ಳಿಯಲ್ಲಿ ನಾಟಕಕ್ಕೆ ಆದದ್ದು ತಂತಿವಾದ್ಯಕ್ಕೆ ಆಗಲಾರದೆ?

ಆದ್ದರಿಂದ ನನ್ನ ವಿದ್ಯಾರ್ಥಿಗಳಲ್ಲಿ, ಬಂಧುಗಳಲ್ಲಿ ಒಂದು ಕೋರಿಕೆ. ಮುಂದಿನ ಏಪ್ರಿಲ್ ರಜೆಯಲ್ಲಿ ಹತ್ತು ದಿನ, ಎಂಟು ಮತ್ತು ಒಂಬತ್ತನೆಯ ತರಗತಿಯ ಹನ್ನೆರಡು ಮಕ್ಕಳಿಗೆ, ಒಂದೆಡೆ ಇರಿಸಿ ಪಿಟೀಲು ಕಲಿಸಬೇಕೆಂದಿದ್ದೇವೆ. ಹೊಸದುರ್ಗದ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ತೆಂಗಿನ ತೋಟದ ಮನೆಯನ್ನು ಕೊಡಲು ಒಪ್ಪಿದ್ದಾರೆ. ಇಬ್ಬರು ಪಿಟೀಲು ವಿದುಷಿಯರು ಬರುತ್ತೇನೆಂದಿದ್ದಾರೆ. ಅಡುಗೆಯ ಉಸ್ತುವಾರಿ ನನ್ನಾಕೆಯದು. ಹತ್ತು ದಿನದಲ್ಲಿ ವಿದ್ವಾಂಸರಾಗುವುದಿಲ್ಲವೆಂಬುದು ನನಗೆ ಗೊತ್ತು. ಹನ್ನೆರಡು ಮಕ್ಕಳು ಒಂದೇ ಶ್ರುತಿಯಲ್ಲಿ ಒಂದು ಸರಳೆಯನ್ನು ಒಟ್ಟಿಗೆ ನುಡಿಸಿ, ಒಬ್ಬ ನಿಲ್ಲಿಸಿದಾಗ ಉಳಿದವರಿಗೆ ಅದು ತಿಳಿದರೆ ನನಗೆ ಅಷ್ಟೇ ಸಾಕು. ಇದುವರೆಗೆ ಆರು ಪಿಟೀಲುಗಳು ಕೂಡಿವೆ; ಇನ್ನು ಆರು ಬೇಕು. ಯಾರ ಮನೆಯ ಅಟ್ಟದ ಮೇಲಾದರೂ ಅಜ್ಜನ ಕಾಲದ ಪಿಟೀಲು ಇದ್ದರೆ ತಿಳಿಸಿ. ತಂತಿ ಹರಿದಿದ್ದರೂ, ಕುದುರೆ ಬಿದ್ದುಹೋಗಿದ್ದರೂ ಚಿಂತೆಯಿಲ್ಲ. ನಾವು ಸರಿಮಾಡಿಸಿಕೊಳ್ಳುತ್ತೇವೆ.